ಕಂಡಕ್ಟರ್ ಕನ್ನಪ್ಪನ ಮಧ್ಯಾಹ್ನದ ಊಟ

ಪ್ರೈವೇಟ್ ಬಸ್ಸಿನ ಕೆಲಸದಲ್ಲಿ ನಿವೃತ್ತಿ ಎನ್ನುವುದೇ ಇಲ್ಲ. ಮಂಡಿ ಹಿಡಿದುಕೊಂಡಾಗಲೋ, ಓನರು ಬಸ್ಸು ಮಾರಿದಾಗಲೋ ಅದು ತಾನಾಗಿಯೇ ಮುಗಿಯುತ್ತದೆ. ರಿಪ್ಪನ್‌ಪೇಟೆಯ ಕಂಡಕ್ಟರ್ ಕನ್ನಪ್ಪ ಮಾತ್ರ ತನ್ನ ನಿವೃತ್ತಿಯ ದಿನವನ್ನು ತಾನೇ ಗೊತ್ತುಮಾಡಿಕೊಂಡ. ಅರವತ್ತು ತುಂಬಿದ ದಿನ ಬಸ್ಸಿನ ಮೂತಿಗೆ ಸೇವಂತಿಗೆ ಹಾರ ಹಾಕಿದ, ಹತ್ತಿದವರಿಗೆಲ್ಲ ಮೈಸೂರುಪಾಕು ಹಂಚಿದ, "ನಾಳೆಯಿಂದ ಚಿಲ್ರೆಗೆ ಬೇರೆ ಯಾರ ಹತ್ರನಾದ್ರೂ ಜಗಳ ಆಡ್ಕಳಿ" ಎಂದು ಸಾರಿಬಿಟ್ಟ. ಓನರು ಕೃಷ್ಣಕುಮಾರ್ ಅವನಿಗೊಂದು ಶಾಲು ಹೊದಿಸಿದ್ದು ನಿಜ. ಆದರೆ ಶಾಲು ಹೊದಿಸಬೇಕೆಂದು ಹಿಂದಿನ ದಿನ ಓನರಿಗೆ ನೆನಪು ಮಾಡಿದ್ದೂ ಕನ್ನಪ್ಪನೇ.

ನಿವೃತ್ತಿಗೆಂದು ಅವನು ಹಾಕಿಕೊಂಡಿದ್ದ ಯೋಜನೆ ಕೇಳಿದರೆ ನಗು ಬರುತ್ತದೆ. ಕಾಶಿ ರಾಮೇಶ್ವರದ ಆಸೆ ಅವನಿಗಿರಲಿಲ್ಲ, ಹೊಸ ಮನೆಯ ಕನಸೂ ಇರಲಿಲ್ಲ. ಮಧ್ಯಾಹ್ನದ ಊಟವನ್ನು ಮನೆಯಲ್ಲಿ, ಹೆಂಡತಿ ಹೇಮಾವತಿಯ ಪಕ್ಕದಲ್ಲಿ ಕೂತು ಮಾಡಬೇಕು. ಅಷ್ಟೇ. ಮದುವೆಯಾದಾಗಿನಿಂದ ಅದೊಂದು ಭಾಗ್ಯ ಅವರಿಗೆ ಬಂದಿರಲಿಲ್ಲ. ಬೆಳಕು ಹರಿಯುವ ಮೊದಲೇ ಖಾಕಿ ಅಂಗಿ ಹಾಕಿ ಹೊರಟರೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಸುತ್ತಿ ಬರುವಷ್ಟರಲ್ಲಿ ಸಂಜೆ. ಊಟ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಅದೂ ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಿರುವಾಗ ಗಬಗಬ ನುಂಗಿದ್ದು. ಹಬ್ಬದ ದಿನ ರಜೆ ಕೇಳುವ ಹಾಗೇ ಇಲ್ಲ, ಆವತ್ತೇ ಬಸ್ಸು ಕಿಕ್ಕಿರಿದಿರುತ್ತದೆ. "ಗೋಡೆ ನೋಡ್ಕೊಂಡು ಉಂಡೂ ಉಂಡೂ ಸಾಕಾಗಿದೆ ನಂಗೆ" ಎಂದು ಹೇಮಾವತಿ ಎಷ್ಟೋ ಸಲ ಗೊಣಗಿದ್ದಳು. ಹಾಗಾಗಿ ಯೋಜನೆಯಲ್ಲಿ ಅವಳದ್ದೂ ಅರ್ಧ ಪಾಲಿತ್ತು ಎನ್ನಬೇಕು.

ಮನೆಯಲ್ಲಿ ಉಳಿದ ಮೊದಲ ದಿನ ಕನ್ನಪ್ಪ ಪೇಟೆಗೆ ಹೋಗಿ ಹೊಳೆಮೀನು ತಂದ. ಹೇಮಾವತಿ ಸಾರು ಮಾಡಿದಳು. ಉಪ್ಪು ಬಾಯಿಗಿಡಲಾರದಷ್ಟಿತ್ತು. ತಟ್ಟೆ ಒಂದೇ ಇಟ್ಟಿದ್ದಳು. ಅಭ್ಯಾಸಬಲ ಎಂದುಕೊಂಡು ಅವನು ನಕ್ಕು ಇನ್ನೊಂದು ತಟ್ಟೆ ತಂದ. ಮರುದಿನವೂ ಒಂದೇ ತಟ್ಟೆ. ಅದರ ಮರುದಿನ ಒಲೆಯ ಮೇಲೆ ಅನ್ನ ಸೀದು ವಾಸನೆ ಬರುತ್ತಿದ್ದರೂ ಅವಳು ಅಲ್ಲೇ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಕನ್ನಪ್ಪನ ಅಕ್ಕ ಕನ್ನಮ್ಮ ಪಕ್ಕದ ಮನೆಯಲ್ಲೇ ಇರುವವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಆಸರೆಗೆ ಬಂದು ನೆಲೆಸಿದವಳು. ಅವಳನ್ನು ಕೇಳಿದರೆ, "ಒಂದು ವರ್ಷದಿಂದ ಹಿಂಗೇ ಕಣೋ ತಮ್ಮ. ವಯಸ್ಸಾಯ್ತಲ್ಲ, ಮರೆವು ಅಂದ್ಕೊಂಡೆ" ಅಂದಳು. ಸಂಜೆ ಸುಸ್ತಾಗಿ ಬಂದು, ಉಂಡು, ಗೊರಕೆ ಹೊಡೆಯುವ ಗಂಡಸಿಗೆ ಇದೆಲ್ಲ ಎಲ್ಲಿಂದ ಕಾಣಬೇಕು? ಕನ್ನಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಒಂದು ಮಧ್ಯಾಹ್ನ ಅವನು ಲುಂಗಿ ಬನಿಯನ್ನಿನಲ್ಲಿ ಕೊತ್ತಂಬರಿ ಸೊಪ್ಪು ಹಿಡಿದು ಅಂಗಡಿಯಿಂದ ಬಂದಾಗ ಹೇಮಾವತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರು ಬೇಕಿತ್ತು?"

ತಮಾಷೆ ಎಂದುಕೊಂಡ ಅವನು, "ಹೇಮಾವತಿ ಅಂತ ಒಬ್ರು ಇದಾರಂತಲ್ಲ, ಅವ್ರೇ ಬೇಕಿತ್ತು" ಅಂದ.

ಅವಳು ನಗಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದು ಜಗಲಿಯ ಮೇಲಿಟ್ಟಳು. ಸೆರಗು ಹೊದ್ದು, ಮುಖ ನೋಡದೆ, "ನಮ್ಮನೆಯವ್ರು ಬಸ್ಸಿಗೆ ಹೋಗಿದಾರೆ. ಸಂಜೆ ಬನ್ನಿ" ಎಂದು ಚಿಲಕ ಹಾಕಿಕೊಂಡಳು. ಕನ್ನಪ್ಪ ಏನು ಮಾಡಲೂ ತೋಚದೆ ಆ ನೀರು ಕುಡಿದ. ಆಮೇಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ. ಅವಳು ಸೌಟು ಎತ್ತಿಕೊಂಡು ಕಿರುಚಿದ ಕಿರುಚಾಟಕ್ಕೆ ಕೇರಿಯೇ ಸೇರಿತು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವನೊಬ್ಬ ಕಳ್ಳನೆಂದು ಕನ್ನಪ್ಪನ ಬನಿಯನ್ ಹಿಡಿದೇಬಿಟ್ಟ. ಸ್ವಂತ ಮನೆಯ ಅಡುಗೆಮನೆಯಲ್ಲಿ, ಕೈಯಲ್ಲಿ ಕೊತ್ತಂಬರಿ ಸೊಪ್ಪು ಹಿಡಿದು, ತಾನು ಇವಳ ಗಂಡ ಎಂದು ಊರಿನವರಿಂದ ಹೇಳಿಸಬೇಕಾಯಿತಲ್ಲ, ಇಂಥ ಅವಮಾನ ಹಗೆಗೂ ಬೇಡ.

ಮಗಳು ತನುಜಾ ಸಾಗರದಿಂದ ಬಂದು ಅಮ್ಮನನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದಳು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ಮಾತ್ರೆ ಕೊಟ್ಟರೆ ಸ್ವಲ್ಪ ನಿಧಾನವಾಗಬಹುದು ಎಂದರು ಡಾಕ್ಟರು. "ವಾದ ಮಾಡಬೇಡಿ, ಅವರು ಇರುವ ಕಡೆಗೆ ನೀವೇ ಹೋಗಿ" ಎಂದೂ ಹೇಳಿದರು. ಹೇಳುವುದಕ್ಕೇನು, ಸುಲಭ. ಅವಳು ಇದ್ದ ಕಡೆಯಲ್ಲಿ ಹಗಲುಹೊತ್ತು ಕನ್ನಪ್ಪನಿಗೆ ಜಾಗವೇ ಇರಲಿಲ್ಲ. ಬೆಳಿಗ್ಗೆಯಿಂದ ಮನೆಯಲ್ಲಿ ಓಡಾಡುವ ಗಂಡಸು ಪರಪುರುಷ. ಅವನು ಹತ್ತಿರ ಬಂದರೆ ಅವಳು ಕನ್ನಮ್ಮನ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದಳು.

ಹೀಗಿರುವಾಗ ಹೊಸ ಕಂಡಕ್ಟರನಿಗೆ ಜ್ವರ ಬಂದು, ಒಂದು ದಿನದ ಮಟ್ಟಿಗೆ ಬರಬೇಕೆಂದು ಓನರು ಫೋನ್ ಮಾಡಿದರು. ಮನೆಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು, ಕನ್ನಪ್ಪ ಹೋದ. ಸಂಜೆ ಖಾಕಿಯಲ್ಲಿ, ಹೆಗಲಿಗೆ ಚರ್ಮದ ಬ್ಯಾಗು ಹಾಕಿಕೊಂಡು ಅಳುಕುತ್ತಲೇ ಅಂಗಳಕ್ಕೆ ಕಾಲಿಟ್ಟರೆ ಹೇಮಾವತಿ ಜಗಲಿಯಲ್ಲಿ ಎದ್ದು ನಿಂತಳು.

"ಎಂತ ಇವತ್ತು ಇಷ್ಟು ತಡ? ಕಾಫಿ ಆರಿ ಹೋಯ್ತು ನೋಡಿ."

ಕನ್ನಪ್ಪ ಬಚ್ಚಲಿಗೆ ಹೋಗಿ ಅತ್ತ. ಸಂತೋಷಕ್ಕೆ ಅತ್ತನೆಂದು ಹೇಳಬಹುದು, ಆದರೆ ಅವನಿಗೆ ಸಂತೋಷವೇನೂ ಆಗಿರಲಿಲ್ಲ. ಇನ್ನು ಮುಂದೆ ಹೆಂಡತಿಗೆ ಗಂಡನಾಗಬೇಕಾದರೆ ದಿನವಿಡೀ ಅವಳ ಕಣ್ಣಿಗೆ ಬೀಳದೆ ಇರಬೇಕು ಎಂದು ಅವನಿಗೆ ಅರ್ಥವಾಗಿತ್ತು.

ಮರುದಿನದಿಂದ ಕನ್ನಪ್ಪ ಖಾಕಿ ತೊಟ್ಟು, ಬ್ಯಾಗು ಹಾಕಿಕೊಂಡು ಮತ್ತೆ ಕತ್ತಲಿರುವಾಗಲೇ ಹೊರಡತೊಡಗಿದ. ಕೆಲಸವಿದ್ದರೆ ಕೆಲಸ, ಇಲ್ಲದಿದ್ದರೆ ಡ್ರೈವರ್ ಉಮೇಶನ ಹಿಂದಿನ ಸೀಟಿನಲ್ಲಿ ಕೂತು ತೀರ್ಥಹಳ್ಳಿಗೆ ಹೋಗಿ ಬರುವುದು, ಅದೂ ಬೇಡವಾದರೆ ಬಸ್‌ಸ್ಟ್ಯಾಂಡಿನ ಬೆಂಚು. "ಹಾರ ಹಾಕಿಸ್ಕೊಂಡು ಹೋದವ್ರು ವಾಪಸ್ ಬಂದ್ರಾ? ಮನೇಲಿ ಹೆಂಡ್ತಿ ಬೈತಾರಾ ಕನ್ನಪ್ಪಣ್ಣ?" ಎಂದು ಪ್ರಯಾಣಿಕರು ಛೇಡಿಸುತ್ತಿದ್ದರು. "ಹೌದು ಮಾರಾಯ್ರೇ, ಸೇರ್ಸೋದೇ ಇಲ್ಲ" ಎಂದು ಅವನೂ ನಗುತ್ತಿದ್ದ. ನಿಜ ಹೇಳಿದರೂ ಸುಳ್ಳಿನಂತೆ ಕೇಳುವ ಅನುಕೂಲ ಅದೊಂದು ಅವನಿಗೆ ಸಿಕ್ಕಿತ್ತು. ಹಗಲೆಲ್ಲ ಹೇಮಾವತಿಯನ್ನು ಕನ್ನಮ್ಮ ನೋಡಿಕೊಳ್ಳುತ್ತಿದ್ದಳು.

ಆದರೂ ಆಸೆ ಎನ್ನುವುದು ಕೆಟ್ಟದ್ದು. ಸಂಜೆಗಳಲ್ಲೂ ಹೇಮಾವತಿ ಮಾತಿನ ನಡುವೆ ಎಲ್ಲೋ ಹೋಗಿಬಿಡುತ್ತಿದ್ದಳು. ಇನ್ನು ಸ್ವಲ್ಪ ದಿನಕ್ಕೆ ಖಾಕಿಯನ್ನೂ ಗುರುತಿಸದೆ ಹೋದಾಳು ಎಂಬ ಭಯ ಅವನನ್ನು ತಿನ್ನುತ್ತಿತ್ತು. ಅಷ್ಟರೊಳಗೆ ಒಂದೇ ಒಂದು ಮಧ್ಯಾಹ್ನ ಅವಳ ಜೊತೆ ಕೂತು ಉಣ್ಣಬೇಕು. ಖಾಕಿಯಲ್ಲೇ ಹೋದರೆ? ಹೊಳೆದದ್ದೇ ತಡ, ಕೆಲಸವಿಲ್ಲದೆ ಉಮೇಶನ ಹಿಂದೆ ಸುಮ್ಮನೆ ಕೂತಿದ್ದ ಒಂದು ದಿನ, ತೀರ್ಥಹಳ್ಳಿಗೆ ಹೋಗುವ ಬಸ್ಸು ಮಧ್ಯಾಹ್ನ ರಿಪ್ಪನ್‌ಪೇಟೆಗೆ ಬಂದಾಗ ಕನ್ನಪ್ಪ ಬ್ಯಾಗಿನ ಸಮೇತ ಇಳಿದು ಮನೆಯ ದಾರಿ ಹಿಡಿದ.

"ಎಂತ ಇಷ್ಟೊತ್ತಿಗೆ ಬಂದ್ರಿ?" ಹೇಮಾವತಿ ಗುರುತು ಹಿಡಿದಿದ್ದಳು.

"ಬಸ್ಸು ಕೆಟ್ಟೋಯ್ತು ಕಣೆ. ರಿಪೇರಿ ಆಗೋದು ಸಂಜೆಗೇ."

ಅವಳ ಮುಖ ಅರಳಿತು. ಕನ್ನಮ್ಮ ಮಾಡಿಟ್ಟಿದ್ದ ಸಾರನ್ನು ತಾನೇ ಮಾಡಿದಂತೆ ಸಡಗರದಿಂದ ಬಡಿಸಿದಳು. ಕನ್ನಪ್ಪ ತಟ್ಟೆಗೆ ಕೈ ಹಾಕಲಿಲ್ಲ.

"ನಿನ್ ತಟ್ಟೆನೂ ತಗೊಂಬಾ. ಒಟ್ಟಿಗೆ ಉಣ್ಣೋಣ."

"ಮೊದ್ಲು ನಿಮ್ದು ಆಗ್ಲಿ. ಜನ ಕಾಯ್ತಿರ್ತಾರಲ್ಲ."

"ಯಾರೂ ಕಾಯಲ್ಲ ಮಾರಾಯ್ತಿ. ಕೂತ್ಕೊ."

"ಕಂಡಕ್ಟರಿಲ್ದೆ ಬಸ್ಸು ಹೆಂಗೆ ಬಿಡ್ತಾರೆ?" ಅವಳು ಬಾಗಿಲ ಕಡೆ ನೋಡತೊಡಗಿದಳು. ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. "ಓನರು ಎಂತ ಅಂದ್ಕೋತಾರೆ? ಬೇಗ ಉಣ್ಣಿ, ಏಳಿ." ಕನ್ನಪ್ಪ ಒಬ್ಬನೇ ಉಣ್ಣತೊಡಗಿದ.

"ಉಣ್ಣೋವರೆಗಾದ್ರೂ ಬಿಡೇ ಅವನ್ನ" ಎಂದಳು ಕನ್ನಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಹೇಮಾವತಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಗಂಡನ ಹತ್ತಿರಕ್ಕೆ ಬಾಗಿ, ಗುಟ್ಟು ಹೇಳುವವಳಂತೆ ದನಿ ತಗ್ಗಿಸಿ ಕೇಳಿದಳು. "ಇನ್ನೆಷ್ಟು ವರ್ಷ ಇದೆ ನಿಮ್ಗೆ, ರಿಟೈರ್ ಆಗಕ್ಕೆ?"

ಕನ್ನಪ್ಪ ಅನ್ನ ಕಲಸುತ್ತಾ, "ಎರಡು ವರ್ಷ" ಎಂದ.

"ಅಷ್ಟೇ ಅಲ್ದಾ? ಆಮೇಲೆ ನಾನು ಮಧ್ಯಾಹ್ನ ನಿಮ್ಮನ್ನ ಎಲ್ಲಿಗೂ ಬಿಡಲ್ಲ. ಇಬ್ರೂ ಕೂತ್ಕೊಂಡೇ ಉಣ್ಣೋದು. ನಿಧಾನಕ್ಕೆ." ಹೀಗೆಂದವಳು ಬ್ಯಾಗು ತಂದು ಅವನ ಹೆಗಲಿಗೆ ತಾನೇ ಹಾಕಿದಳು. "ಈಗ ಹೋಗಿ ಬನ್ನಿ."

ಅವನು ಅರ್ಧ ಊಟಕ್ಕೆ ಎದ್ದು ಕೈ ತೊಳೆದು ಅಂಗಳಕ್ಕಿಳಿದ. ಆ ಹೊತ್ತಿಗೆ ತೀರ್ಥಹಳ್ಳಿಯ ಬಸ್ಸು ಹೊರಟುಹೋಗಿ ಎಷ್ಟೋ ಹೊತ್ತಾಗಿತ್ತು. ಆದರೆ ಹೇಮಾವತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳಾದ್ದರಿಂದ ಕನ್ನಪ್ಪ ಅವಸರದಲ್ಲಿರುವವನ ಹಾಗೆ ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆಯಬೇಕಾಯಿತು.