ಕಂಡಕ್ಟರ್ ಕೊಟ್ರಯ್ಯನ ಬೆನ್ನಚೀಲ

ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ನಿಂತೇ ದುಡಿದ ಕೊಟ್ರಯ್ಯನಿಗೆ ಕೂರುವುದೇ ಮರೆತುಹೋಗಿತ್ತು. ಮನೆಯಲ್ಲೂ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಣ್ಣುತ್ತಿದ್ದ. ವಾರದ ರಜೆ ಬಂತೆಂದರೆ ಮೈಯೆಲ್ಲ ಚಡಪಡಿಕೆ. ಬೆಳಗಾಗುತ್ತಲೇ ಹಂಪಿಗೆ ಹೋಗಿ ಮತಂಗ ಬೆಟ್ಟ ಹತ್ತಿಬಿಡುತ್ತಿದ್ದ. ಅಲ್ಲಿ ಪರಿಚಯವಾದ ರಾಮಾಂಜಿನಿ ಎಂಬಾತ ಒಂದು ಚಾರಣದ ಗುಂಪು ಕಟ್ಟಿಕೊಂಡಿದ್ದ. ಸಂಡೂರಿನ ಗುಡ್ಡಗಳಲ್ಲಿ ಎರಡು ದಿನ ನಡೆಯುತ್ತೇವೆ, ಡೇರೆ, ಊಟ ನಮ್ಮದು, ನಿಮ್ಮ ಹಾಸಿಗೆ, ಬಟ್ಟೆ, ನೀರು ನೀವೇ ಹೊರಬೇಕು ಎಂದು ಅವನು ಕೊಟ್ರಯ್ಯನನ್ನೂ ಕರೆದ.

ಅಂದಿನಿಂದ ಚೀಲದ ಚಿಂತೆ ತಲೆಗೆ ಹೊಕ್ಕಿತು. ಪೇಟೆಯಿಂದ ಎಲ್ಲಕ್ಕಿಂತ ದೊಡ್ಡದನ್ನು ತಂದು, ಅಕ್ಕಿ ತುಂಬಿ, ಬೆನ್ನಿಗೇರಿಸಿ ಅಂಗಳದಲ್ಲಿ ಓಡಾಡಿದ. ಅದು ಎಡಕ್ಕೆ ವಾಲಿತು. ಬದಲಾಯಿಸಿ ಇನ್ನೊಂದು ತಂದ, ಅದೂ ವಾಲಿತು. ಹೆಂಡತಿ ಯಮನಮ್ಮ ದೂರ ನಿಂತು ನೋಡಿದಳು.

“ಚೀಲ ನೆಟ್ಟಗೈತಿ. ನೀವ ಒಂದ್ಕಡೆ ವಾರಿ ಅದೀರಿ.”

ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತಾಗ ಅವಳ ಮಾತು ನಿಜವೆನಿಸಿತು. ಟಿಕೆಟ್ ಚೀಲ ಜಾರದಂತೆ ಎತ್ತಿ ಹಿಡಿದೂ ಹಿಡಿದೂ ಬಲಭುಜ ಮೇಲೆಯೇ ಉಳಿದಿತ್ತು. ಅದೊಂದು ವಾರ ಅವನಿಗೆ ನೆಮ್ಮದಿಯಿಲ್ಲ. ಬಸ್ಸಿನಲ್ಲಿ ಕಂಡವರ ಭುಜಗಳನ್ನೆಲ್ಲ ನೋಡುತ್ತ, ಸ್ಟಾಪು ದಾಟಿದ ಮೇಲೆ ಸೀಟಿ ಊದಿ ಬೈಸಿಕೊಂಡ.

ಹೊರಡಲು ಮೂರು ದಿನವಿದ್ದಾಗ, ಚಾರಣದ ಸಾಮಾನು ಮಾರುವ ಅರ್ಚಿತಾ ಎಂಬಾಕೆಯ ಅಂಗಡಿಗೆ ಹೋದ. ಅವಳು ಮೊದಲು ಚೀಲ ತೋರಿಸಲಿಲ್ಲ. ಟೇಪು ತಂದು, ಕುತ್ತಿಗೆಯ ಬುಡದ ಮೂಳೆಯಿಂದ ಸೊಂಟದವರೆಗೆ ಅವನ ಬೆನ್ನನ್ನು ಅಳೆದಳು. ಇಷ್ಟು ದಿನ ಚೀಲದ ಗಾತ್ರ ನೋಡಿದ್ದೀರಿ, ಬೆನ್ನಿನ ಉದ್ದ ನೋಡಿಲ್ಲ ಎಂದಳು. ಆಮೇಲೆ ಸಾಧಾರಣ ಗಾತ್ರದ್ದೊಂದನ್ನು ತೆಗೆದು, ಅದರೊಳಗೆ ನೀರಿನ ಬಾಟಲಿಗಳನ್ನು ತುಂಬಿ, ಅವನ ಬೆನ್ನಿಗೇರಿಸಿ, ಮೊದಲು ಸೊಂಟದ ಪಟ್ಟಿ ಬಿಗಿದಳು. ಭುಜದ ಪಟ್ಟಿಗಳಲ್ಲಿ ಎಡಗಡೆಯದನ್ನು ಮಾತ್ರ ಎರಡು ಬೆರಳು ಹೆಚ್ಚು ಎಳೆದಳು.

“ಭಾರ ಸೊಂಟದ ಮ್ಯಾಲೆ ಕುಂದ್ರಬೇಕ್ರಿ. ಭುಜ ಸುಮ್ನ ಹಿಡ್ಕೊಂಡಿರಬೇಕು.”

ಕೊಟ್ರಯ್ಯ ತಗ್ಗಿದ ದನಿಯಲ್ಲಿ ಕೇಳಿದ: “ನನ್ನ ಭುಜ ಸಮ ಆಗ್ತಾವೇನ್ರಿ?”

“ಅವು ಹಂಗ ಇರ್ಲಿ. ಚೀಲಾನ ನಿಮಗ ಹೊಂದಿಸಿದ್ರಾತು.”

ಅವನು ಅಂಗಡಿಯ ಮೆಟ್ಟಿಲನ್ನು ಅರ್ಧ ತಾಸು ಹತ್ತಿಳಿದ. ವಾಲಲಿಲ್ಲ. ಆದರೂ ನಂಬಿಕೆ ಬರದೆ, ಮರುದಿನ ಅದನ್ನು ಹೊತ್ತೇ ಗಿಡಗಳಿಗೆ ನೀರು ಹಾಕಿದ.

ಸಂಡೂರಿನ ಏರಿನಲ್ಲಿ ಮೊದಲ ತಾಸಿಗೇ ಸೊಂಟ ಉರಿಯತೊಡಗಿತು. ಹತ್ತು ಹೆಜ್ಜೆಗೊಮ್ಮೆ ನಿಂತು ಪಟ್ಟಿ ಎಳೆಯುವುದು, ಸಡಿಲಿಸುವುದು. ಗುಂಪು ಮುಂದೆ ಹೋಗಿಬಿಟ್ಟಿತು. ಮತ್ತೆ ತಪ್ಪು ಚೀಲ ತಂದೆನೆಂದು ಅವನಿಗೆ ಅಳು ಬರುವಂತಾಯಿತು. ರಾಮಾಂಜಿನಿ ಹಿಂದಿರುಗಿ ಬಂದು ಅವನ ಅಂಗಿ ಎತ್ತಿ ನೋಡಿದ. ಪ್ಯಾಂಟಿನ ಬೆಲ್ಟಿನ ಹಿತ್ತಾಳೆ ಬಕಲು ಚೀಲದ ಪಟ್ಟಿಯ ಕೆಳಗೆ ಸಿಕ್ಕಿ ಚರ್ಮ ಕಿತ್ತಿತ್ತು. ಬೆಲ್ಟ್ ಬಿಚ್ಚಿಸಿ ಚೀಲದೊಳಗೆ ಹಾಕಿಸಿದ.

ಆಮೇಲೆ ಕೊಟ್ರಯ್ಯ ಒಂದೇ ಸಮನೆ ನಡೆದ. ಕೆಂಪು ಮಣ್ಣು ಮುಗಿದು ಹುಲ್ಲು ಬಂತು, ಮೋಡ ಗುಡ್ಡದ ನೆತ್ತಿ ಸವರಿಕೊಂಡು ಹೋಯಿತು. ಬಹಳ ಹೊತ್ತಿನಿಂದ ತನ್ನ ಕೈ ಪಟ್ಟಿಯನ್ನೇ ಮುಟ್ಟಿಲ್ಲವೆಂದು ಅವನಿಗೆ ಥಟ್ಟನೆ ಹೊಳೆಯಿತು. ಸಂಜೆ ಉಳಿದವರು ಚೀಲ ಇಳಿಸಿ ಒರಗಿದಾಗ, ತನ್ನದನ್ನೂ ಇಳಿಸಿದ ಅವನಿಗೆ ಬೆನ್ನು ಬರಿದಾದಂತೆನಿಸಿ, ಮುಂದಿನ ದಿಬ್ಬದಾಚೆ ಏನಿದೆಯೆಂದು ನೋಡಿ ಬರಲು ಹೊರಟ.

ಎರಡನೆಯ ದಿನ ಗುಡ್ಡ ಇಳಿಯುವಾಗ ರಾಮಾಂಜಿನಿ ಮುಂದಿನ ತಿಂಗಳ ನಾಲ್ಕು ದಿನದ ಚಾರಣದ ಸುದ್ದಿ ಹೇಳಿದ. ಮರುದಿನ ಕೊಟ್ರಯ್ಯ ಡಿಪೋದಲ್ಲಿ ರಜೆ ಅರ್ಜಿ ಬರೆದ. ಕಾರಣ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ‘ನಡೆಯಲು’ ಎಂದು ಬರೆದುಕೊಟ್ಟ. ನಾಲ್ಕು ಕೇಳಿದ್ದಕ್ಕೆ ಎರಡು ದಿನ ಸಿಕ್ಕಿತು. ಉಳಿದೆರಡಕ್ಕೆ ಯಾರೊಡನೆ ಡ್ಯೂಟಿ ಬದಲಾಯಿಸಿಕೊಳ್ಳಲಿ ಎಂದು ಯೋಚಿಸುತ್ತ, ಚಹಾ ಕುಡಿಯುತ್ತಿದ್ದ ಕಂಡಕ್ಟರುಗಳ ಕಡೆಗೆ ಸರಸರ ನಡೆದ.