ಅರಿನೊಲಾಳ ಕಂಪ್ಯೂಟರಿಗೆ ಪಾಸ್ಟರ್ ಕಾವಲು

ಅಬೆಯೊಕುಟಾ ಊರಿನ ಆ ವಠಾರದಲ್ಲಿ ಹೋದ ಕರೆಂಟು ಮತ್ತೆ ಬಂತೆಂದರೆ ಚಿಳ್ಳೆಪಿಳ್ಳೆಗಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಹೋ ಎಂದು ಕೂಗುತ್ತಾರೆ. ಅರಿನೊಲಾ ಮಾತ್ರ ತೆಪ್ಪಗೆ ಕಿವಿ ನಿಮಿರಿಸಿ ಕೂರುತ್ತಾಳೆ. ಬಂದ ಹೊಸದರಲ್ಲಿ ಕರೆಂಟು ಕುಡಿದು ಬಂದ ಗಂಡನ ಹಾಗೆ, ಸಿಕ್ಕಿದ್ದನ್ನೆಲ್ಲ ಒಡೆಯುತ್ತದೆ ಎಂಬುದು ಅವಳ ಅನುಭವ. ಅಂಗಡಿಯವನು ಆಣೆ ಹಾಕಿ ಕೊಟ್ಟ ಸ್ಟೆಬಿಲೈಜರು ಮೊದಲ ವಾರವೇ ಹೊಗೆ ಬಿಟ್ಟು ಸತ್ತಿತ್ತು. ಮಣ್ಣಿನ ದಿನ ಬಂದವರಿಗೆ ಹಂಚುವ, ಸತ್ತವರ ಗುಣಗಾನದ ಪುಸ್ತಿಕೆ ಬರೆದುಕೊಟ್ಟು ಹೊಟ್ಟೆ ಹೊರೆಯುವವಳು ಅವಳು. ಮನೆಯಲ್ಲಿರುವ ಹಳೇ ಕಂಪ್ಯೂಟರು ಸುಟ್ಟರೆ ಒಲೆ ಉರಿಯುವುದಿಲ್ಲ.

ಹಾಗಾಗಿ ಕರೆಂಟು ಹೋದ ಕೂಡಲೇ ಪ್ಲಗ್ ಕಿತ್ತಿಡುತ್ತಾಳೆ. ಬಂದ ಮೇಲೆ ಪಕ್ಕದ ಮನೆಯ ಪಾಸ್ಟರ್ ಒಕನ್ಲಾವನ್ ತಮ್ಮ ಧ್ವನಿವರ್ಧಕ ಹಚ್ಚಿ ‘ಹಲೆಲೂಯ’ ಎಂದು ಅರಚಿದರಷ್ಟೇ ಮತ್ತೆ ಸಿಕ್ಕಿಸುತ್ತಾಳೆ. "ಸಿಡಿದ್ರೆ ಅವ್ರದ್ದು ಸಿಡೀಲಿ. ಅವ್ರನ್ನ ದೇವ್ರು ನೋಡ್ಕೋತಾನೆ, ನನ್ನನ್ನ ಯಾರು ನೋಡ್ಕೋತಾರೆ?" ಎನ್ನುತ್ತಿದ್ದಳು.

ಪಾಸ್ಟರ ತಾಯಿ ತೀರಿಕೊಂಡರು. ಪುಸ್ತಿಕೆಯ ಕೆಲಸ ಇವಳಿಗೇ ಬಂತು. ಆಮೇಲೆ ಕರೆಂಟು ಬಂದಾಗಲೆಲ್ಲ ವಠಾರ ಕೂಗಿತು, ಆದರೆ ಧ್ವನಿವರ್ಧಕ ಉಸಿರೆತ್ತಲಿಲ್ಲ. ಇವಳೂ ಪ್ಲಗ್ ಮುಟ್ಟಲಿಲ್ಲ. ಬಂದ ಕರೆಂಟು ಬಂದ ಹಾಗೇ ಹೋಯಿತು. ನಾಳೆ ಮಣ್ಣು ಎನ್ನುವಾಗ ತಡೆಯಲಾರದೆ ಹೋಗಿ ಪಾಸ್ಟರ ಬಾಗಿಲು ಬಡಿದಳು.

"ಏನ್ ಪಾಸ್ಟ್ರೇ, ಕರೆಂಟ್ ಬಂದಿದೆ, ಮೈಕ್ ಯಾಕೆ ಹಚ್ತಿಲ್ಲ?"

"ನಾಳೆ ಅಮ್ಮನ ಮಣ್ಣಿಗೆ ಇದು ಬೇಕಲ್ಲಮ್ಮಾ, ಸುಟ್ಟೋದ್ರೆ? ಅದಕ್ಕೇ ನಿಮ್ ಕಂಪ್ಯೂಟರ್ ಮೊದ್ಲು ಗುರ್ ಅನ್ಲಿ ಅಂತ ಕಾಯ್ತಿದ್ದೆ."

"ಚೆನ್ನಾಗಿದೆ! ಭಾನುವಾರ ಬಂದ್ರೆ ನಂಬಿಕೆ ಸಾಲ್ದು ಅಂತ ನಮ್ಗೆ ಬೈತೀರಿ. ನೀವೇ ಒಂದ್ಸಲ ನಂಬಿ ತೋರ್ಸಿ ನೋಡೋಣ."

ಪಾಸ್ಟರಿಗೆ ರೋಷ ಉಕ್ಕಿತು. ಸಿಕ್ಕಿಸಿಯೇ ಬಿಟ್ಟರು. ಢಬ್ ಎಂದು ಸದ್ದಾಗಿ ಧ್ವನಿವರ್ಧಕದಿಂದ ಹೊಗೆ ಎದ್ದಿತು.

ಕಂಪ್ಯೂಟರು ಉಳಿಯಿತಲ್ಲ ಎಂದು ಅರಿನೊಲಾಳಿಗೆ ಮೊದಲು ಆದದ್ದು, ದೇವರಾಣೆ, ಖುಷಿಯೇ. ಪಾಸ್ಟರ ಮುಖ ನೋಡಿದ ಮೇಲೆ ತಲೆ ತಗ್ಗಿಸಿ ಮನೆಗೆ ಬಂದಳು. ಕಣ್ಣು ಕೋರೈಸುತ್ತಿದ್ದ ಬಲ್ಬುಗಳು ಮಾಮೂಲಿ ಬೆಳಕಿಗೆ ಇಳಿಯುವವರೆಗೆ ಕಾದು, ಕೂತು ಪುಸ್ತಿಕೆ ಮುಗಿಸಿದಳು. ಎಂದಿಗಿಂತ ಕಡಿಮೆ ಸುಳ್ಳು ಬರೆದಳು.

ಮರುದಿನ ತಾಯಿಯ ಬಗ್ಗೆ ಹೇಳಲು ನಿಂತ ಪಾಸ್ಟರ ಮಾತು ಮೈಕಿಲ್ಲದೆ ಮುಂದಿನ ಸಾಲು ದಾಟಲಿಲ್ಲ. ಹಿಂದಿನ ಸಾಲಿನವರು "ಕೇಳಿಸ್ತಿಲ್ಲಾ!" ಎಂದು ಗಲಾಟೆ ಎಬ್ಬಿಸಿದರು. ಅರಿನೊಲಾ ನಡುವೆ ಎದ್ದು ನಿಂತಳು. ಅವರು ಪಿಸುಗುಟ್ಟಿದ ಒಂದೊಂದು ಮಾತನ್ನೂ ಹಿಂದಿನವರಿಗೆ ಗಂಟಲು ಹರಿಯುವಂತೆ ಕೂಗಿ ಹೇಳುತ್ತ ಹೋದಳು, ಹಲೆಲೂಯ ಸಮೇತ.