ನಾಗಲಕ್ಷ್ಮಿ ನೆಟ್ಟಿನ ವೈರು ಕೀಳುವುದೇಕೆ?

ಹೊಳೆನರಸೀಪುರದ ನಿಲ್ದಾಣದಲ್ಲಿ ಅರಕಲಗೂಡಿನ ಮೊದಲ ಬಸ್ಸು ಇನ್ನೂ ಗುರುಗುಟ್ಟುತ್ತಾ ನಿಂತಿರುವ ಹೊತ್ತು. ತಾಲ್ಲೂಕು ಕಚೇರಿ ರಸ್ತೆಯ ಸಾಲಿನಲ್ಲಿ ಒಂದೇ ಒಂದು ಅಂಗಡಿಯ ಶಟರ್ ಮೇಲೇರುತ್ತದೆ. ನಾಗಲಕ್ಷ್ಮಿ ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಬೆಳಗ್ಗೆ ಆರಕ್ಕೆ ಯಾರಪ್ಪ ಜೆರಾಕ್ಸ್ ಮಾಡಿಸಲು ಬರುತ್ತಾರೆ ಎಂದುಕೊಳ್ಳಬೇಡಿ. ಹತ್ತು ಗಂಟೆಯಾಯಿತೋ, ಊರಿನವರೆಲ್ಲ ಒಟ್ಟಿಗೆ ನುಗ್ಗಿ ನೆಟ್ಟು ಆಮೆಯಾಗುತ್ತದೆ. ಅರ್ಜಿ ಹಾಕಿ ಪಳಗಿದವರು ಬೆಳಗಿನ ಜಾವಕ್ಕೇ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ.

ಇವತ್ತಿನ ಮೊದಲ ಗಿರಾಕಿ ದೇವರಾಜು. ತೆಂಗಿನ ತೋಟದ ಯಜಮಾನರು, ಚನ್ನರಾಯಪಟ್ಟಣದ ಮಾರುಕಟ್ಟೆಗೆ ಹೊರಟವರು. ಅರ್ಜಿಗೆ ಸೇರಿಸುವ ಆಧಾರ್ ಪ್ರತಿ ಐವತ್ತು ಕೆಬಿ ಮೀರುವಂತಿಲ್ಲ, ಅವರದ್ದು ನಾನೂರು ಇದೆ. ನಾಗಲಕ್ಷ್ಮಿ ಅದನ್ನು ತೆರೆಯುವ ಮುಂಚೆ ಕಂಪ್ಯೂಟರಿನ ಹಿಂದಕ್ಕೆ ಕೈ ಹಾಕಿ ನೆಟ್ಟಿನ ವೈರನ್ನು ಪಟಕ್ಕನೆ ಕೀಳುತ್ತಾರೆ.

"ಅದ್ಯಾಕವ್ವ ವೈರ್ ಕಿತ್ತೆ? ಪಕ್ಕದ ಅಂಗ್ಡೀಲಿ ಎಂತದೋ ಫ್ರೀ ವೆಬ್‌ಸೈಟಿಗೆ ಆಕಿ ಎಲ್ಡೇ ನಿಮಿಷಕ್ಕೆ ಸಣ್ಣಕೆ ಮಾಡ್ಕೊಡ್ತಾರೆ ಕಣ," ದೇವರಾಜು ಗೊಣಗುತ್ತಾರೆ.

"ಆ ವೆಬ್‌ಸೈಟು ಯಾರ್ದು ಗೊತ್ತಾ ಸಾ ನಿಮ್ಗೆ?"

"ನಂಗೆಂಗ್ ಗೊತ್ತಾಯ್ತದೆ?"

"ನಂಗೂ ಗೊತ್ತಿಲ್ಲ. ಗೊತ್ತಿಲ್ದೋರ ಕೈಗೆ ನಿಮ್ಮ ಆಧಾರ್ ಯಾಕ್ ಕೊಡ್ಲಿ? ಇದನ್ನ ಸಣ್ಣ ಮಾಡೋ ಸಾಫ್ಟ್‌ವೇರು ನಮ್ ಕಂಪ್ಯೂಟ್ರೊಳಗೇ ಐತೆ. ಐದು ನಿಮಿಷ ಕುಂತ್ಕಳಿ."

ನಿಜ ಹೇಳಬೇಕೆಂದರೆ ವೈರು ಕೀಳದಿದ್ದರೂ ಆ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ. ಆದರೆ ಜನ ಮುಗಿಬಿದ್ದಾಗ, ಅವಸರದಲ್ಲಿ, ತನ್ನ ಕೈಯೇ ಹಳೇ ಚಾಳಿಗೆ ಬಿದ್ದು ಫ್ರೀ ಸೈಟು ತೆರೆದುಬಿಟ್ಟೀತು ಎಂಬ ಅಂಜಿಕೆ ನಾಗಲಕ್ಷ್ಮಿಗೆ. ಫೈಲು ಸಣ್ಣದಾದ ಮೇಲೆ ವೈರು ಮತ್ತೆ ಸಿಕ್ಕಿಸಿ, ಅರ್ಜಿ ಕಳಿಸಿ, ಪರದೆಯನ್ನು ಗಿರಾಕಿಯ ಕಡೆಗೆ ತಿರುಗಿಸುತ್ತಾರೆ. "ನೋಡ್ಕಳಿ ಸಾ, ನಿಮ್ದು ಅಳಿಸ್ತಾ ಇವ್ನಿ. ಕಸದ ಬುಟ್ಟೀನೂ ಖಾಲಿ ಮಾಡ್ದೆ." ದೇವರಾಜು ಬಸ್ಸು ತಪ್ಪೀತೆಂದು ಅರ್ಧ ನೋಡಿ ಓಡುತ್ತಾರೆ.

ದಿನಕ್ಕೆ ನಲವತ್ತು ಐವತ್ತು ಜನ, ಶಾಲೆ ಶುರುವಾಗುವ ಜೂನಿನಲ್ಲಿ ನೂರು. ಕೆಟ್ಟು ಹೋದ ಜೆರಾಕ್ಸ್ ಹಾಳೆಗಳೇ ಅರ್ಧ ಬಕೆಟ್. ಮೊದಲೆಲ್ಲ ಅವನ್ನು ಬೋಂಡಾ ಅಂಗಡಿಗೆ ಕೊಡುತ್ತಿದ್ದರು. ಒಂದು ಸಂಜೆ ತಾವೇ ಕೊಂಡ ಮೆಣಸಿನಕಾಯಿ ಬೋಂಡಾದ ಎಣ್ಣೆ ಜಿಡ್ಡಿನಡಿ ಪರಿಚಯದ ಮೇಷ್ಟ್ರೊಬ್ಬರ ಪ್ಯಾನ್ ಕಾರ್ಡು ಇಣುಕಿತಂತೆ. ಈಗ ಹಾಳೆಗಳನ್ನು ಹರಿದು ನೀರಿಗೆ ಹಾಕಿ ಕಿವುಚುತ್ತಾರೆ. ಬೋಂಡಾ ಅಂಗಡಿಯ ರುದ್ರಯ್ಯನಿಗೆ ಇದರಿಂದ ಇಂದಿಗೂ ಸಿಟ್ಟು.

ನಾಗಲಕ್ಷ್ಮಿಗೆ ಮೂವತ್ತಾರು. ಅರಕಲಗೂಡು ಕಡೆಯ ಹಳ್ಳಿಯವರು. ಪಿಯುಸಿ ಮುಗಿಸಿ, ಹಾಸನದ ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರ್ ಕಲಿತು, ಒಂಬತ್ತು ವರ್ಷದ ಹಿಂದೆ ಈ ಅಂಗಡಿ ಹಿಡಿದರು. ಗಂಡ ಮೋಹನ್‌ಕುಮಾರ್ ಲಗೇಜ್ ಆಟೊ ಓಡಿಸುತ್ತಾರೆ. ಹುಟ್ಟಿದಾರಭ್ಯ ಇಷ್ಟು ಜಾಗ್ರತೆಯೇ ಎಂದು ಕೇಳಿದರೆ ನಾಗಲಕ್ಷ್ಮಿ ತಲೆ ತಗ್ಗಿಸುತ್ತಾರೆ. "ಜಾಗ್ರತೆ ಎಲ್ ಬಂತು ಸಾ. ಒಂದು ಎಣ್ಮಗೀನ ಓದು ಕಿತ್ತಾಕ್ತಿದ್ದೆ ನಾನು."

ಮೂರು ವರ್ಷದ ಹಿಂದಿನ ಮಾತು. ತವರೂರಿನ ಮಲ್ಲಿಗಮ್ಮ ಮಗಳು ಭಾನುಪ್ರಿಯಾಳ ಮದುವೆಯ ಬಯೋಡೇಟಾ ಮಾಡಿಸಲು ಬಂದರು. ಹುಡುಗಿಗೆ ಹಾಸನದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಓದು ಮುಗಿಯುವ ಹೊತ್ತಿಗೆ ನೆಂಟಸ್ತನ ಬಂದರೆ ಇರಲಿ ಎಂಬ ತಾಯಿಯ ಲೆಕ್ಕಾಚಾರ. ಅಂಗಡಿಯಲ್ಲಿದ್ದ ನಮೂನೆಗಳ ತಲೆಯ ಮೇಲೆಲ್ಲ ಗಣೇಶ, ಇಲ್ಲವೇ ವೆಂಕಟರಮಣ. ಮಲ್ಲಿಗಮ್ಮನ ಮನೆಯವರು ಬೌದ್ಧರು. "ಮ್ಯಾಲ್ಗಡೆ ಬುದ್ಧ ಇರ್ಲಿ ಕಣವ್ವ," ಎಂದರು. ಹುಡುಕಿದಾಗ ಒಂದು ಫ್ರೀ ವೆಬ್‌ಸೈಟಿನಲ್ಲಿ ಕಮಲದ ಅಂಚು, ನಡುವೆ ಬುದ್ಧ, ಎಷ್ಟು ಚೆನ್ನಾಗಿತ್ತು! ನಾಗಲಕ್ಷ್ಮಿ ಹುಡುಗಿಯ ಫೋಟೊ, ಊರು, ತಾಯಿಯ ಫೋನ್ ನಂಬರು ಎಲ್ಲ ತುಂಬಿ, ಕೆಳಗಿದ್ದ 'ಒಪ್ಪಿದ್ದೇನೆ' ಚೌಕಕ್ಕೆ ಓದದೆ ಟಿಕ್ ಒತ್ತಿದರು.

ಆ ಬಯೋಡೇಟಾ ಲೋಕಕ್ಕೆಲ್ಲ ಕಾಣುತ್ತಿದೆ ಎಂದು ತಿಳಿದದ್ದು ವಾರದ ಮೇಲೆ. ಮಲ್ಲಿಗಮ್ಮನ ಫೋನಿಗೆ ದಿನಕ್ಕೆ ಇಪ್ಪತ್ತು ಕರೆ, ಎಲ್ಲೆಲ್ಲಿಯದೋ ಗಂಡಸರ ಹೊಲಸು ಮಾತು. ಕೂಲಿಯಿಂದ ಬಂದ ತಂದೆ ಚಲುವಯ್ಯ ಒಂದು ಕರೆಯನ್ನು ತಾವೇ ಎತ್ತಿಬಿಟ್ಟರು. ಮುಗಿಯಿತಲ್ಲ! "ಹಾಸನಕ್ಕೂ ಓಗದ್ ಬ್ಯಾಡ, ಓದದೂ ಬ್ಯಾಡ," ಎಂದು ಮಗಳನ್ನು ಮನೆಯಲ್ಲಿ ಕೂರಿಸಿದರು. ಕಾಲೇಜು ಸೇರಲು ಉಳಿದಿದ್ದದ್ದು ಐದೇ ದಿನ.

ವಿಷಯ ಕಿವಿಗೆ ಬಿದ್ದ ಕೂಡಲೇ ನಾಗಲಕ್ಷ್ಮಿ ಅಂಗಡಿಗೆ ಬೀಗ ಜಡಿದು ಬಸ್ಸು ಹತ್ತಿದರು. "ಚಲುವಣ್ಣ, ಮಗೀದೇನೂ ತಪ್ಪಿಲ್ಲ. ಆಕಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿ," ಎಂದು ಅಂಗಳದಲ್ಲೇ ನಿಂತು ಹೇಳಿದರು. ಚಲುವಯ್ಯ ಬೈಯಲಿಲ್ಲ. "ಮೊದ್ಲು ಅದ್ನ ತಗ್ಸು, ಆಮ್ಯಾಕೆ ಮಾತು," ಎಂದರು, ಅಷ್ಟೇ.

ವೆಬ್‌ಸೈಟಿಗೆ ಬರೆದರೆ ಉತ್ತರವಿಲ್ಲ. ಮಾರನೇ ದಿನ ಮಲ್ಲಿಗಮ್ಮನನ್ನು ಕರೆದುಕೊಂಡು ಹಾಸನದ ಪೊಲೀಸರ ಬಳಿ ಹೋದರು. ದೂರಿನಲ್ಲಿ 'ಯಾರು ಹಾಕಿದ್ದು' ಎಂಬಲ್ಲಿ ತನ್ನ ಹೆಸರು, ಅಂಗಡಿಯ ಹೆಸರು ಎರಡನ್ನೂ ಬರೆದರು. ಸುದ್ದಿ ಹಬ್ಬಿದರೆ ಅಂಗಡಿಗೆ ಯಾರೂ ಕಾಲಿಡುವುದಿಲ್ಲ ಎಂದು ಗಂಡ ಹೆದರಿದ್ದರು. "ಅಂಗ್ಡಿ ಓದ್ರೆ ಇನ್ನೊಂದ್ ಕೆಲ್ಸ. ಆ ಮಗೀಗೆ ಸೀಟು ಇನ್ನೊಂದ್ ಸತಿ ಯಾರ್ ಕೊಡ್ತಾರೆ?" ಎಂದಿದ್ದರು ನಾಗಲಕ್ಷ್ಮಿ. ನಾಲ್ಕನೆಯ ದಿನ ಸಂಜೆ ವೆಬ್‌ಸೈಟಿನಿಂದ ಆ ಬಯೋಡೇಟಾ ಅಳಿಸಿಹೋಯಿತು. ಮಲ್ಲಿಗಮ್ಮನಿಗೆ ಸುದ್ದಿ ಹೇಳುತ್ತಾ ನಾಗಲಕ್ಷ್ಮಿ ಫೋನಿನಲ್ಲೇ ಗಳಗಳ ಅತ್ತುಬಿಟ್ಟರು. ಐದನೆಯ ದಿನ ಬೆಳಗ್ಗೆ ಚಲುವಯ್ಯ ತಾವೇ ಮಗಳ ಟ್ರಂಕು ಹೊತ್ತು ಹಾಸನದ ಬಸ್ಸಿಗೆ ಹತ್ತಿಸಿದರು.

ಅಂಗಡಿಯೇನೂ ಮುಚ್ಚಲಿಲ್ಲ. ಒಂದಿಷ್ಟು ಜನ ಪಕ್ಕದ ಅಂಗಡಿಗೆ ಸರಿದರು, ನಿಜ. ತಪ್ಪನ್ನು ಬಾಯಿಬಿಟ್ಟು ಒಪ್ಪಿದವಳು ಎಂದೇ ಹುಡುಕಿಕೊಂಡು ಬರುವವರು ಆಮೇಲೆ ಹೆಚ್ಚಾದರು.

ಮಾತು ಇಲ್ಲಿಗೆ ಬರುವಷ್ಟರಲ್ಲಿ ಭಾನುಪ್ರಿಯಾಳೇ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುತ್ತಾಳೆ. ಈಗ ಕೊನೆಯ ವರ್ಷ. ಅರ್ಜಿ ಮುಗಿಸಿದ ನಾಗಲಕ್ಷ್ಮಿ ಹುಡುಗಿಯ ಹೆಸರು, ಊರು, ಮಲ್ಲಿಗಮ್ಮನ ನಂಬರು ಹಾಕಿ ನೆಟ್ಟಿನಲ್ಲಿ ಹುಡುಕುತ್ತಾರೆ. ಮೂರು ವರ್ಷದಿಂದ ತಿಂಗಳಿಗೊಮ್ಮೆ ತಪ್ಪದ ಕೆಲಸವಿದು. ಏನೂ ಸಿಗುವುದಿಲ್ಲ. ಅಬ್ಬಾ ಎಂದು ಕುರ್ಚಿಗೆ ಒರಗುತ್ತಾರೆ.

"ಬರೋ ವರ್ಷ ಸಿಕ್ತದೆ ಕಣಕ್ಕ," ಭಾನುಪ್ರಿಯಾ ರೇಗಿಸುತ್ತಾಳೆ. "ನರ್ಸ್ ಭಾನುಪ್ರಿಯಾ ಅಂತ ಫೋಟೊ ಸಮೇತ ನಾನೇ ಆಕ್ಕತೀನಿ."

ನಾಗಲಕ್ಷ್ಮಿಯ ಮುಖ ಅರಳುತ್ತದೆ. "ಆಕ್ಕಳೆ ತಾಯಿ, ನಿನ್ನೆಸ್ರು, ನಿನ್ನಿಷ್ಟ. ಅವತ್ತು ಉಡುಕ್ದಾಗ ಸಿಕ್ಬುಟ್ರೆ ಸಾಕು ನಂಗೆ."